ಎದುರಂಗಡಿಯ ಪಾಕ

ಶಿಕ್ಲಿ ಊರಿನ ಇಳಿಜಾರು ಬೀದಿಯಲ್ಲಿ
ನನ್ನದು ಕ್ಷೌರದಂಗಡಿ; ಎದುರಿಗೆ ವೆನೆರಾಳ ಒಲೆ.
ನೊರೆ ಹಚ್ಚಿಸಿಕೊಂಡ ಗಿರಾಕಿ ಮೂಗರಳಿಸಿದರೆ ಸಾಕು,
ಪಾಕ ಎಲ್ಲಿಗೆ ಬಂತೆಂದು ನನಗೆ ಗೊತ್ತು.
ಮೊದಲು ಬರೀ ಸಿಹಿ. ಆಮೇಲೆ ಒಣಹುಲ್ಲು.
ಆಮೇಲೊಂದು ಚಣ, ಇನ್ನೇನು ಕಹಿಯಾಗಬೇಕು, ಅಷ್ಟರಲ್ಲಿ
ಸುರಿದುಬಿಡುತ್ತಾಳೆ ಅಮೃತಶಿಲೆಯ ಮೇಲೆ,
ಎಳ್ಳು, ಬಾದಾಮಿ, ಕಿತ್ತಳೆಸಿಪ್ಪೆ ಸಮೇತ.
ಅಂಟದಿರಲೆಂದು ನಿಂಬೆಹೋಳಿನಿಂದ ತಟ್ಟುತ್ತಾಳೆ.
ನಾನೂ ಅಷ್ಟೇ ಹಗುರವಾಗಿ
ಕೆನ್ನೆಗೆ ಕತ್ತಿ ಇಡಬೇಕು ಅನ್ನಿಸುತ್ತದೆ ಆಗೆಲ್ಲ.

ಕುಬ್ಬಾಯ್ತಾ ಅನ್ನುತ್ತೇವೆ. ಯಾಕೆಂದು ಕೇಳಿದವರಿಲ್ಲ.
ಕೇಳಿದವನು ಹಮ್ಮಾದಿ, ಟ್ಯುನೀಷಿಯಾದ ಹುಡುಗ,
ಮೀನುದೋಣಿ ಬಿಟ್ಟು ಒಲೆಯ ಮುಂದೆ ನಿಂತವನು.
"ಅಮ್ಮಾ, ಇದು ನಮ್ಮ ಮಾತು."
"ಸಾವಿರ ವರ್ಷದ ಬಾಡಿಗೆ ಕೊಡಬೇಕೇನೋ?"
ಇಬ್ಬರೂ ನಕ್ಕರು. ಎಳ್ಳು ಚಟಗುಟ್ಟಿತು.

ಚಾಕೊಲೇಟಿನ ಸುದ್ದಿ ಎತ್ತಿದರೆ ಮಾತ್ರ ಅವಳ ಮುಖ ಬಿಗಿ.
"ಅದು ನಿನ್ನೆ ಬಂದ ನೆಂಟ" ಅನ್ನುತ್ತಿದ್ದಳು.
ಅವಳ ನಿನ್ನೆಗೆ ನಾನೂರು ವರ್ಷ!
ಹಡಗಿಳಿದಾಗ ಅದು ಕುಡಿಯುವ ಕಷಾಯವಂತೆ,
ಮೆಣಸಿನಕಾಯಿ ಖಾರ, ದೊಡ್ಡವರ ಬಟ್ಟಲು;
ಆಮೇಲೆ ಬಾಗಿದ ಕಲ್ಲಿನ ಮೇಲೆ ಅರೆದು,
ಸಕ್ಕರೆ ಕರಗದ ಹಾಗೆ ಅಚ್ಚಿಗೆ ಒತ್ತಿದರಂತೆ.
ಅವಳತ್ತೆ ಅರೆಯುತ್ತಿದ್ದಳು.
ಸೊಸೆಗೆ ಆ ಅತ್ತೆಯೂ ಬೇಡ, ಆ ಕಲ್ಲೂ ಬೇಡ.
ಒಬ್ಬಳು ಮಣ್ಣಿಗೆ, ಒಂದು ಅಟ್ಟಕ್ಕೆ.

ಮೇಲಿನ ಚೌಕದ ಅಂಗಡಿಗಳಲ್ಲಿ ಈಗ ಹೊಳೆವ ಕಾಗದ,
ಪಿಸ್ತಾ, ಉಪ್ಪಿನ ಹರಳು, ಎಲ್ಲಕ್ಕೂ ಚಾಕೊಲೇಟಿನ ಹೊದಿಕೆ.
"ಮುಖ ತೋರಿಸಲು ನಾಚುವ ಬೀಜ,
ಕಂಬಳಿ ಹೊದ್ದು ಕೂತಿದೆ" ಅನ್ನುತ್ತಾಳೆ ವೆನೆರಾ.

ಸತ್ತವರ ಹಬ್ಬದ ಹಿಂದಿನ ದಿನ ಬೀಸಿತು ಸಿರೊಕ್ಕೊ,
ಕಡಲನ್ನೇ ನೆನೆಸಿ ತಂದಂಥ ಗಾಳಿ.
ನನ್ನ ಕನ್ನಡಿಗಳೆಲ್ಲ ಬೆವತವು.
ಎದುರಿಗೆ ತಟ್ಟೆ ತಟ್ಟೆ ಕುಬ್ಬಾಯ್ತಾ
ಮೊದಲು ಮಿರುಗಿತು, ಮಧ್ಯಾಹ್ನ ಅಂಟಿತು,
ಸಂಜೆಗೆ ಒಂದನ್ನೊಂದು ತಬ್ಬಿಕೊಂಡು ಅಳತೊಡಗಿತು.
ಸತ್ತವರು ರಾತ್ರಿ ಬಂದು
ಮೊಮ್ಮಕ್ಕಳಿಗೆಂದು ಇಟ್ಟುಹೋಗಬೇಕಾದ ತಿಂಡಿ!
ವೆನೆರಾ ಕುರ್ಚಿಯಲ್ಲಿ ಕೂತವಳು ಏಳಲಿಲ್ಲ.

ಹಮ್ಮಾದಿ ಕೇಳಲಿಲ್ಲ, ಹೇಳಲಿಲ್ಲ.
ಇನ್ನೊಂದು ಪಾಕ ಇಟ್ಟ. ಹದಕ್ಕೆ ಇಳಿಸಿ, ಮುರಿದು,
ಆರುವುದೇ ತಡ, ಒಂದೊಂದೇ ತುಂಡನ್ನು
ಕಪ್ಪು ಚಾಕೊಲೇಟಿನಲ್ಲಿ ಮುಳುಗಿಸಿ ತೆಗೆದ,
ದೋಣಿಯ ಹಲಗೆಗೆ ಡಾಂಬರು ಬಳಿದ ಹಾಗೆ.

ಬೆಳಗಿನ ತನಕ ಗಾಳಿ ಬಾಗಿಲು ಬಡಿಯಿತು.

ನಾನೇ ಸಾಕ್ಷಿ. ಆರು ಗಂಟೆಗೆ ಅವಳೊಂದು ತುಂಡು ಕಚ್ಚಿದಳು.
ಕಣ್ಣು ಮುಚ್ಚಿದಳು, ಮೊದಲಿಗೆ ಏನೋ ಕರಗುತ್ತಿತ್ತು;
ಆಮೇಲೆ ಬೀದಿಯ ಈಚೆ ದಡದಲ್ಲಿದ್ದ ನನಗೂ ಕೇಳಿಸಿತು:
ಕಟಕ್!
ಚೆನ್ನಾಗಿದೆ ಅನ್ನಲಿಲ್ಲ.
"ತುಂಬ ದಪ್ಪ ಬಳಿದಿದ್ದೀಯ" ಅಂದಳು.

ಮಧ್ಯಾಹ್ನ ಏಣಿ ಹಿಡಿಯಲು ನನ್ನನ್ನು ಕೂಗಿದಳು.
ಅಟ್ಟದಿಂದ ಅತ್ತೆಯ ಕಲ್ಲು ಇಳಿಯಿತು, ನಡು ಸವೆದು
ತೊಟ್ಟಿಲಿನ ಹಾಗೆ. ಸೆರಗಂಚಿಲ್ಲದ ಏಪ್ರನ್ನಿನಿಂದಲೇ ಒರೆಸಿ,
ಬಗ್ಗಿ ಮೂಸಿದಳು.
"ಇದ್ದಾಳೆ ಮುದುಕಿ, ಇನ್ನೂ ಇಲ್ಲೇ" ಎಂದಳು.
ಬೈಗುಳವೋ ಅಲ್ಲವೋ, ಹಮ್ಮಾದಿಗೂ ತಿಳಿಯಲಿಲ್ಲ.
ಕಲ್ಲಿನಡಿ ಇಡಲು ಅವನು ಕೆಂಡ ತರಹೋದ.