ದಾರಿಯನ್ನು ಯಾರು ಹೊರಬೇಕು

ಹುಚ್ಚರಾಯಪ್ಪನವರ ಮೇಜಿನ ಮೇಲೆ
ಕೆಂಪು ಅಂಚಿನ ಲೆಡ್ಜರು, ನಂಬರ್ ಹದಿನೇಳು.
ಶಿವಮೊಗ್ಗದಿಂದ ಕುಂದಾಪುರಕ್ಕೆ ಇಳಿಯುವ
ಒಂದೊಂದು ದಾರಿಗೂ ಅದರಲ್ಲಿ ಒಂದೊಂದು ಪುಟ.
"ಮೊದಲು ಹೀಗಿತ್ತಮ್ಮ," ಅಂತಾರೆ,
"ಪ್ಯಾಕೆಟ್ಟು ಹೊರಡೋ ಮುಂಚೆ
ಹೊಸನಗರಕ್ಕೆ ಹೇಳಿ, ನಗರಕ್ಕೆ ಹೇಳಿ, ಮಾಸ್ತಿಕಟ್ಟೆಗೆ ಹೇಳಿ,
ಎಲ್ಲರೂ ಬರಕೊಂಡು ಹೂಂ ಅಂದಮೇಲೆ ಹೊರಡೋದು,
ಮದುವೆ ದಿಬ್ಬಣದ ಹಾಗೆ.
ಆಮೇಲೂ ಮೂವತ್ತು ಸೆಕೆಂಡಿಗೊಮ್ಮೆ ವಿಚಾರಣೆ:
ನೆನಪಿದೆಯಾ? ನೆನಪಿದೆಯಾ?"

ಈಗ ಯಾರನ್ನೂ ಕೇಳುವುದಿಲ್ಲ.
ಹೊರಡುವುದೇ ತನ್ನ ದಾರಿಯನ್ನು ತಲೆಮೇಲೆ ಹೊತ್ತು ಹೊರಡುತ್ತದೆ.
ನಡುವಿನ ಊರುಗಳಿಗೆ ನೆನಪಿಡುವ ಕೆಲಸವಿಲ್ಲ.
ಹೊರುವುದು ಹೇಗೆ ಎಂಬಲ್ಲಿಗೆ
ನೈಟ್ ಶಿಫ್ಟಿನಲ್ಲಿ ನಮ್ಮ ಜಗಳ.

ನಾನು ಚೀಟಿಯ ಪಕ್ಷ.
ಖಾಸಗಿ ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಆಫೀಸಿನಲ್ಲಿ ಬೆಳೆದವಳು.
ಅಪ್ಪ ಮೈದಾ ಅಂಟಿನ ಡಬ್ಬಿ ಹಿಡಿದು
ಕೊನೆಯ ಊರಿನ ಚೀಟಿ ಮೊದಲು ಮೆತ್ತುತ್ತಿದ್ದ,
ಅದರ ಮೇಲೆ ಅದಕ್ಕೂ ಮುಂಚಿನೂರು,
ಎಲ್ಲಕ್ಕೂ ಮೇಲೆ ಮೊದಲ ನಿಲ್ದಾಣ.
ಆಯನೂರಿನ ಏಜೆಂಟ್ ಮೇಲಿನದನ್ನು ಕಿತ್ತೆಸೆದರೆ
ಕೆಳಗಿನದು ಬಾಯಿ ಬಿಡುತ್ತಿತ್ತು.
ತಲುಪುವ ಹೊತ್ತಿಗೆ ಪಾರ್ಸೆಲ್ಲಿನ ಮೈಮೇಲೆ
ಒಣಗಿದ ಅಂಟು, ಅಷ್ಟೆ.

ನಸೀಮಾ ಭದ್ರಾವತಿಯಿಂದ ವರ್ಗವಾಗಿ ಬಂದವಳು.
"ಚೀಟಿ ಯಾಕೆ? ವಿಳಾಸವನ್ನೇ ಬರಿ.
ಊರು, ಬೀದಿ, ಆ ಬಾಗಿಲಲ್ಲಿ ಆಗಬೇಕಾದ ಕೆಲಸ,
ಪೂರ್ತಿ, ಒಂದರ ಕೆಳಗೊಂದು.
ಏನನ್ನೂ ಕೀಳಬೇಡ,
ಬೆರಳು ಮಾತ್ರ ಸಾಲಿಂದ ಸಾಲಿಗೆ ಸರೀಲಿ.
ಈ ವಿದ್ಯೆ ಕಲಿಯದ ಊರೂ
ಮಾಮೂಲಿ ಟಪಾಲು ಅಂತ ದಾಟಿಸಿಬಿಡುತ್ತೆ."

ಸರಿ, ಅಂದೆ. ಯಡೂರಿನ ಒಬ್ಬಾಕೆ ಫೋನೆತ್ತಿ
"ಹಲೋ" ಅಂದಳು ಅಂದುಕೋ.
ಆ ಹಲೋದ ಒಂದು ಚೂರಿನ ಮೇಲೆ
ಹದಿನಾರು ಹದಿನಾರು ಬೈಟಿನ ನಾಲ್ಕು ವಿಳಾಸ.
ಬೆಲ್ಲಕ್ಕಿಂತ ಗೋಣಿ ಭಾರ.

"ಬಸ್ಸಿನ ಬೋರ್ಡು ನೋಡಿಲ್ವಾ ನೀನು,
ತೀ.ಹಳ್ಳಿ, ಹೊ.ನಗರ, ಶಿ.ಪುರ?
ಜಿಲ್ಲೆಯ ಹೆಸರು ಒಮ್ಮೆ ಬರೆದರಾಯ್ತು,
ಮಿಕ್ಕಿದ್ದಕ್ಕೆ ಗಿಡ್ಡ ಹೆಸರು ಸಾಕು.
ನಿನ್ನ ಸಾಗರದ ಹಳೇ ಪೆಟ್ಟಿಗೆಗೋ
ಮೂರಕ್ಕಿಂತ ಹೆಚ್ಚು ಚೀಟಿ ಅಂಟಿಸೋಕೇ ಬರಲ್ಲ!"

ಅದು ನಿಜ. ಆದರೆ ಎಲ್ಲ ಊರನ್ನೂ ಯಾಕೆ ಹೇಳಬೇಕು?
ಸಾಗರ ಅಂತ ಒಂದು ಮಾತು ಅಂದರೆ
ಅಲ್ಲಿಗೆ ಹತ್ತಿರದ ದಾರಿ ದಾರಿಯವರಿಗೇ ಗೊತ್ತು.
ಇದೇ ಬಸ್ಸು, ಇದೇ ಬಾಗಿಲು ಅಂತ ಹಟ ಹಿಡಿದಾಗ ತಾನೇ
ಪಟ್ಟಿ ಬೆಳೆಯೋದು.
ಇದಕ್ಕೆ ಮಾತ್ರ ಅವಳು ಹೂಂ ಅಂದಳು.
ಹುಚ್ಚರಾಯಪ್ಪನವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ
"ಹಟ ಇಲ್ದಿದ್ರೆ ಇಂಜಿನಿಯರ್ ಯಾಕಮ್ಮ" ಅಂದರು.

ಮಾರ್ಚ್ ತಿಂಗಳು, ಮಳೆಯ ನೆಪವಿಲ್ಲ.
ಎರಡು ನಲವತ್ತಕ್ಕೆ ಹುಲಿಕಲ್ ತಿರುವಿನಲ್ಲಿ
ಯಾರದೋ ಜೆಸಿಬಿಯ ಹಲ್ಲು.
ಪರದೆಯ ಮೇಲೆ ಒಂದು ಗೆರೆ ಕೆಂಪಾಯಿತು.
ಮೂವರೂ ಎದ್ದು ನಿಂತೆವು.
ಒಂದು ಫೋನೂ ರಿಂಗಾಗಲಿಲ್ಲ.

ಮಾಸ್ತಿಕಟ್ಟೆಯ ಪೆಟ್ಟಿಗೆ ಎಂದೋ ಲೆಕ್ಕ ಹಾಕಿಟ್ಟಿತ್ತು:
ಘಾಟಿ ಕೈಕೊಟ್ಟರೆ ಇನ್ನೆರಡು ಚೀಟಿ ಅಂಟಿಸಿ
ಸಾಗರಕ್ಕೆ ತಿರುಗಿಸು, ಹೊನ್ನಾವರದಲ್ಲಿ ಇಳಿಸು.
ನೆನಪಿಲ್ಲದ ಊರಿಗೆ
ಮುಂದಾಲೋಚನೆ ಇತ್ತು.
ಯಡೂರಿನಾಕೆ ಆಗ ಮಾತಾಡುತ್ತಿದ್ದಿದ್ದರೆ
ರೆಪ್ಪೆ ಬಡಿತದ ಐದನೇ ಒಂದು ಪಾಲು ಕಳೆದಿರಬಹುದು.
ಅಂಟಿದ್ದು ಚೀಟಿಯೇ, ಆದರೂ ನಾನು ಬೀಗಲಿಲ್ಲ.
ನಸೀಮಾ ಕೆಂಪು ಗೆರೆಯನ್ನೇ ನೋಡುತ್ತಿದ್ದಳು,
ಯಾರೋ ತನ್ನನ್ನು ಕರೆಯದೆ ಊಟಕ್ಕೆ ಕೂತ ಹಾಗೆ.

ಹುಚ್ಚರಾಯಪ್ಪನವರು ಲೆಡ್ಜರು ತೆರೆದರು.
ಸಮಯ, ಜಾಗ, ಕಾರಣ.
"ಯಾರಿಗೆ ತಿಳಿಸಲಾಯಿತು" ಎಂಬ ಕಾಲಮ್ಮಿನಲ್ಲಿ
ಪೆನ್ನು ನಿಂತಿತು.
ಬಹಳ ಹೊತ್ತಾದ ಮೇಲೆ ನಮ್ಮಿಬ್ಬರ ಹೆಸರು ಬರೆದರು,
ಕನ್ನಡಕ ಎತ್ತಿ ಕೇಳಿ:
"ಸೀ, ದೀರ್ಘ ತಾನೇ?"