ಖುಲಾನ್‌ಗೆ, ಪೆಟ್ಟಿಗೆ ಬಿಚ್ಚುವ ಮುನ್ನ

ಬಿಚ್ಚಬೇಡ ಖುಲಾನ್, ಈಗಲೇ ಬಿಚ್ಚಬೇಡ.
ಉಲಾನ್‌ಬಾತರಿನಲ್ಲಿ ಇವತ್ತು ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ;
ಬಸ್ಸಿಗೆ ಕಾಯುತ್ತ ನಿನ್ನ ಜೊತೆ ನಿನ್ನ ಮದರ್‌ಬೋರ್ಡೂ ಮರಗಟ್ಟಿದೆ.
ಒಳಗೆ ಬಂದೊಡನೆ ನಿನ್ನ ಕನ್ನಡಕ ಮಂಜಾಯಿತಲ್ಲ,
ಬಿಚ್ಚಿದರೆ ಅದೂ ಹಾಗೇ ಬೆವರುತ್ತದೆ.
ಗೋಡೆ ಬದಿಗಿಡು, ಹೀಟರಿನ ಪೈಪಿಗೆ ತಾಗಿಸಬೇಡ.
ರಾತ್ರಿಯೊಂದು ಕಳೆಯಲಿ.
ನಿದ್ದೆ ಬರುವುದಿಲ್ಲ ನಿನಗೆ, ಬಲ್ಲೆ. ಬರದಿರಲಿ.

ಅಲ್ಲಿಯ ತನಕ ಹೇಳು, ಯಾತಕ್ಕೆ ಈ ಯಂತ್ರ?
ಓದಿಗೆ ಅಂದೆಯಂತೆ ಅಮ್ಮನಿಗೆ.
ನನ್ನ ಮುಂದೆ ಆಟಕ್ಕೆ ಅನ್ನು, ಪರವಾಗಿಲ್ಲ.
ಓದಿನ ಲೆಕ್ಕದಲ್ಲಿ ದುಡ್ಡು ಎಣಿಸಿ
ಆಟದ ಲೆಕ್ಕದಲ್ಲಿ ಕಾರ್ಡು ಕೊಂಡವರು
ಪವರ್ ಸಪ್ಲೈ ಹತ್ತಿರ ಬಂದಾಗ ಜೇಬು ತಡಕುತ್ತಾರೆ.
ಆನೆ ಕೊಂಡು ಅಂಕುಶಕ್ಕೆ ಚೌಕಾಸಿ.
ನಮ್ಮ ಬೀದಿಯ ಕರೆಂಟು ನಿನಗೇ ಗೊತ್ತು,
ಕುಡುಕನ ನಡಿಗೆ ಅದರದು.
ಎಲ್ಲಾದರೂ ಕಡಿಮೆ ಮಾಡು, ಅಲ್ಲಿ ಮಾಡಬೇಡ.

ನಾನೇನು ಪಂಡಿತೆಯಲ್ಲ. ಟ್ರಾಲಿಬಸ್ ಡಿಪೋದಲ್ಲಿ
ಕಡಿದ ತಂತಿಗೆ ತಂತಿ ಹೆಣೆಯುವವಳು.
ಆದರೆ ಒಂದನ್ನು ನಾನೇ ಸುಟ್ಟಿದ್ದೇನೆ,
ಯಾರಿಗೂ ಹೇಳಿಲ್ಲ, ನಿನ್ನಮ್ಮನಿಗೂ.

ಇಂಥದೇ ಜನವರಿ. ಮೈಮೇಲೆ ಉಣ್ಣೆಯ ನಿಲುವಂಗಿ,
ಕಾಲಡಿಗೆ ಉಣ್ಣೆಯ ಹಾಸು, ಕೈಯಲ್ಲಿ ರ‍್ಯಾಮು.
ಬೆರಳ ತುದಿಯಿಂದ ನೀಲಿಯದೊಂದು ಚಿಟಿಕೆ ಹಾರಿತು.
ಸದ್ದೆಂದರೆ, ಯಾರೋ ಉಗುರು ಕಚ್ಚಿದಷ್ಟು.
ಅಷ್ಟೇ. ಎರಡು ತಿಂಗಳ ಉಳಿತಾಯ.
ಮರುದಿನ ಅಂಗಡಿಗೆ ಹೋಗಿ ಕಿರುಚಾಡಿದೆ,
ಸತ್ತ ಮಾಲು ಕೊಟ್ಟೆ, ಮೋಸಗಾರ, ಅಂತ.
ಚೋಯಿಂಬೊಲ್ ಒಂದೂ ಮಾತಾಡದೆ ಹೊಸದು ಕೊಟ್ಟ.
ಆರು ವರ್ಷದ ಮೇಲೆ ಹೋಗಿ ನಿಜ ಹೇಳಿದರೆ
ಚಹಾ ಸುರಿಯುತ್ತ ನಕ್ಕ:
“ಅಕ್ಕಾ, ಅವತ್ತು ಕೌಂಟರಿಗೆ ಕೈಯೂರಿದಾಗ
ನಿಮ್ಮ ತೋಳಿಂದ ನನಗೂ ಒಂದು ಕಿಡಿ ತಾಗಿತ್ತು.”

ಅದಕ್ಕೇ ಹೇಳುವುದು, ನಿಲುವಂಗಿ ಕಳಚಿಡು.
ಹತ್ತಿಯಂಗಿ ಹಾಕು, ಹಾಸು ಸುತ್ತಿಡು.
ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟು,
ಮತ್ತೆ ಮತ್ತೆ ಮುಟ್ಟು, ಹರಕೆ ಹೊತ್ತವಳಂತೆ.

ಪ್ರೊಸೆಸರಿನ ಮೂಲೆಗೊಂದು ಪುಟ್ಟ ತ್ರಿಕೋನವಿದೆ,
ಅದು ಕೂರುವ ಜಾಗದಲ್ಲೂ ಅಂಥದೇ; ಎರಡನ್ನೂ ಸೇರಿಸು.
ಒತ್ತಬೇಡ, ತನ್ನ ಭಾರಕ್ಕೆ ತಾನೇ ಇಳಿಯಬೇಕು.
ರ‍್ಯಾಮಿನದು ಬೇರೆ ಸ್ವಭಾವ, ಅಂಜಿದರೆ ಕೂರದು.
ಎರಡೂ ಹೆಬ್ಬೆರಳು ಕೊಟ್ಟು ಒತ್ತು, ಟಕ್ಕೆನ್ನುವ ತನಕ.
ಬೋರ್ಡು ಕೊಂಚ ಬಾಗುತ್ತದೆ,
ಎದೆ ಧಸಕ್ಕೆನ್ನುತ್ತದೆ. ಅನ್ನಲಿ.
ಪೇಸ್ಟು ಬಟಾಣಿಯಷ್ಟು ಸಾಕು, ರೊಟ್ಟಿಗೆ ಬೆಣ್ಣೆಯಲ್ಲ ಅದು.
ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆ ಕಿತ್ತೆಯಾ?
ಇನ್ನೊಮ್ಮೆ ನೋಡು.
ಹಿಂಬದಿಯ ತಗಡನ್ನು ಮೊದಲೇ ಕೂರಿಸು;
ಮರೆತರೆ ಎಲ್ಲ ಬಿಚ್ಚಬೇಕು, ನೀನು ಅಳುತ್ತೀ,
ಅತ್ತ ಕಣ್ಣಲ್ಲಿ ಸ್ಕ್ರೂ ಕಾಣುವುದಿಲ್ಲ.

ಕಲ್ಲಿದ್ದಲ ಹೊಗೆಯ ಊರು ನಮ್ಮದು.
ಗಾಳಿ ಒಳಬರುವ ಕಡೆ ಜಾಲರಿ ಹಾಕು,
ವಾರಕ್ಕೊಮ್ಮೆ ಕೊಡವು. ಎಷ್ಟು ಕಪ್ಪೆಂದು ನೋಡಿದ ದಿನ
ನಾವು ಏನು ಉಸಿರಾಡುತ್ತೇವೆಂದು ತಿಳಿಯುತ್ತದೆ.
ಅದಕ್ಕೆ ಜಾಲರಿ ಎಲ್ಲಿ ಮಾರುತ್ತಾರೋ, ನನಗೆ ಗೊತ್ತಿಲ್ಲ.

ಕೊನೆಗೊಮ್ಮೆ ಗುಂಡಿ ಒತ್ತುತ್ತೀ. ಏನೂ ಆಗುವುದಿಲ್ಲ.
ದೀಪವಿಲ್ಲ, ಫ್ಯಾನಿಲ್ಲ. ಆ ಮೌನದಲ್ಲಿ
ನಿನಗೆ ನಿನ್ನ ಇಡೀ ಜೀವನ ದಂಡ ಅನ್ನಿಸುತ್ತದೆ.
ಹಿಂದೆ ಒಂದು ಸಣ್ಣ ಸ್ವಿಚ್ಚಿದೆ, ಹಾಕು.

ಎರಡು ಸ್ಕ್ರೂ ಉಳಿಯುತ್ತವೆ, ಎಲ್ಲರಿಗೂ ಉಳಿಯುತ್ತವೆ.
ಡಬ್ಬಿಯಲ್ಲಿ ಹಾಕಿಡು, ಪ್ರಶ್ನೆ ಕೇಳಬೇಡ.

ಹೊತ್ತಿಕೊಂಡರೆ ಫೋನು ಮಾಡು, ರಾತ್ರಿ ಎಷ್ಟೇ ಹೊತ್ತಾಗಿರಲಿ.
ಸುಟ್ಟರೆ ಇನ್ನೂ ಬೇಗ ಮಾಡು,
ಅಂಗಡಿಗೆ ಹೋಗಿ ಕಿರುಚುವ ಮುಂಚೆ.