ದೇರಣ್ಣನ ಗೆರೆ

ಗುರುವಾರ ರಾತ್ರಿ ಹಚ್ಚಿ ಹೋಗಿದ್ದೆ.
ಶನಿವಾರ ಬಾಗಿಲು ತೆಗೆದರೆ, ಯಂತ್ರದ ಹಾಸಿನ ಮೇಲೆ
ಹಸುವಿನ ಸೊಂಟದೆಲುಬಿನ ಎಡ ಮಗ್ಗುಲು,
ಇನ್ನೂ ಉಗುರುಬೆಚ್ಚಗೆ.
ಕೊಟ್ಟಿಗೆಯ ವಾಸನೆಯಿಲ್ಲ, ರಕ್ತದ್ದಿಲ್ಲ,
ಸೀದ ಸಕ್ಕರೆಯಂಥದೇನೋ.

ಬಲದ್ದು ಮೊದಲೇ ಆಗಿದೆ. ಅಂಟಿಸಿದರೆ ಹನ್ನೆರಡನೆಯದು.
ಮೂವರಿಗೊಂದು ಬರುತ್ತದೆ ಈಗ.
ಮುಂಚೆ ಮೂವತ್ತಾರು ಮಕ್ಕಳಿಗೆ ಒಂದೇ ಎಲುಬು:
ಮುಂದಿನ ಸಾಲಿನವರು ಮುಟ್ಟಿದ್ದು,
ಹಿಂದಿನವರು ನಂಬಿದ್ದು.

ಆ ಒಂದನ್ನು ಮಾಡಿದವನು ದೇರಣ್ಣ, ಅಟೆಂಡರ್.
ಮಾಡಿದವನು ಎಂದರೆ, ಬಿಡಿಸಿದವನು.
ಕೂಡಿಗೆ ಫಾರಮ್ಮಿನಲ್ಲಿ ಸತ್ತ ಜರ್ಸಿಯನ್ನು
ಹಾರಂಗಿ ಕಡೆಯ ಬೇಲಿಬುಡದಲ್ಲಿ ಹೂತು
ಒಂದು ಮಳೆಗಾಲ ಕಾದು, ಅಗೆದು, ಕುದಿಸಿ,
ಇನ್ನೂ ಬಿಡದೆ ಕಚ್ಚಿಕೊಂಡ ನಾರನ್ನು
ಚೂರಿಯಲ್ಲಿ ಹೆರೆದು ಹೆರೆದು
ಮನೆಗೆ ಹೋದರೆ, ಹಿತ್ತಿಲಲ್ಲೇ ಬಿಸಿನೀರು.
"ಊಟಕ್ಕೆ ಕರೀತಾಳೆ ಸಾರ್, ಹತ್ತಿರಕ್ಕಲ್ಲ"
ಎಂದು ಅವನೇ ನಗುತ್ತಿದ್ದ.

ಕಕ್ಕಡದಲ್ಲಿ ಆ ಎಲುಬಿಗೆ ಬೂಷ್ಟು ಬರುತ್ತಿತ್ತು.
ಈ ಪ್ಲಾಸ್ಟಿಕ್ ದಾರಕ್ಕೂ ಕಕ್ಕಡ ಆಗಿಬರುವುದಿಲ್ಲ;
ತೇವ ಕುಡಿದು ಚಟಚಟ ಗುಳ್ಳೆ ಕಟ್ಟುತ್ತದೆ.
ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತೇನೆ.
ಹೂಳುವುದು ತಪ್ಪಲಿಲ್ಲ ನೋಡಿ.

ಕರೆಂಟು ಹೋಗಿ ಅರ್ಧಕ್ಕೆ ನಿಂತದ್ದೂ ಒಂದಿದೆ.
ಒಳಗೆಲ್ಲ ಜೇನುಹುಟ್ಟಿನ ಮನೆ ಮನೆ, ಖಾಲಿ.
ಬಿದ್ದಪ್ಪ ಒಂದೇ ಬೆರಳಲ್ಲಿ ಎತ್ತಿ ಕೇಳಿದ:
"ಇಷ್ಟು ಹಗುರದ ಹಸು ಹೇಗೆ ಎದ್ದು ನಿಲ್ಲುತ್ತೆ ಸಾರ್?"
ಉತ್ತರ ಹೊಳೆಯಲಿಲ್ಲ. ಮರುದಿನ ಹೊಳೆಮರಳು ತುಂಬಿದೆ.
ತೂಕ ಸರಿಹೋಯಿತು. ಸದ್ದು ಸರಿಹೋಗಲಿಲ್ಲ.
ಮೇಜಿನ ಮೇಲಿಟ್ಟರೆ ಎಲುಬು ಠಕ್ ಅನ್ನುತ್ತದೆ,
ಇದು ಉಸ್ಸೆನ್ನುತ್ತದೆ.

ಪರೀಕ್ಷೆಯಲ್ಲಿ ಬಯಲಾಯಿತು.
ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದರೆ
ಇಪ್ಪತ್ತೊಂಬತ್ತು ಮಂದಿಯ ಹಾಳೆಯಲ್ಲಿ,
ಜಘನಾಸ್ಥಿಯ ಅಂಚಿಗೆ, ಒಳಮೈಯಲ್ಲಿ, ಎಡಕ್ಕೆ,
ಒಂದು ಗೀರು.
ರಕ್ತನಾಳ ಹಾಯುವ ತೋಡು ಎಂದೊಬ್ಬ.
ಸ್ನಾಯು ಹಿಡಿಯುವ ಜಾಗ ಎಂದಿನ್ನೊಬ್ಬಳು.
ಪುಸ್ತಕ ತೆಗೆದೆ. ಇಲ್ಲ.
ಇನ್ನೊಂದು ಪುಸ್ತಕ. ಇಲ್ಲ.
ಕಪಾಟಿನ ಬೀಗ ತೆಗೆದು
ಹಳೆಯ ಎಲುಬನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಚೂರಿ ಜಾರಿದ್ದು.
ಯಾವುದೋ ಮಧ್ಯಾಹ್ನ ಯಾರೋ ಹೆಸರು ಹಿಡಿದು ಕೂಗಿರಬೇಕು,
ಇಲ್ಲವೆ ಕಣ್ಣಿನ ಮೇಲೆ ನೊಣ ಕೂತಿರಬೇಕು.
ಭತ್ತದ ಕಾಳಿನಷ್ಟುದ್ದ.
ಸ್ಕ್ಯಾನರಿಗೆ ಹಸುವಿನದು ಯಾವುದು, ದೇರಣ್ಣನದು ಯಾವುದು?
ಎರಡನ್ನೂ ಒಂದೇ ನಿಷ್ಠೆಯಲ್ಲಿ ಬರೆದುಕೊಂಡಿದೆ,
ಹನ್ನೆರಡು ಸಲ.

ಸಂಪಾಜೆಯಲ್ಲಿ ಈಗ ಜೇನು ಸಾಕುತ್ತಾನೆ. ಫೋನು ಮಾಡಿದೆ.
ತುಸು ಹೊತ್ತು ಹುಳಗಳ ಸದ್ದು ಮಾತ್ರ.
"ಅಳಿಸಿಬಿಡಿ ಸಾರ್, ಕಂಪ್ಯೂಟರಲ್ಲಿ ಆಗ್ತದಲ್ಲ?"
ಆಗುತ್ತದೆ. ಎರಡು ನಿಮಿಷದ ಕೆಲಸ.

ನಮ್ಮ ಶಾಸ್ತ್ರದ ಎಷ್ಟು ತೂತಿಗೆ, ಎಷ್ಟು ಕೊಳವೆಗೆ
ಎಂದೋ ತೀರಿಕೊಂಡ ಪರದೇಶದ ವೈದ್ಯರ ಹೆಸರಿಲ್ಲ!
ಬೋರ್ಡಿನ ಮೇಲೆ ಬರೆದೆ: ದೇರಣ್ಣನ ಗೆರೆ.
ಇದಕ್ಕೆ ಅಂಕವಿಲ್ಲ, ಗೊತ್ತಿರಲಿ ಅಷ್ಟೆ.

ಮೊನ್ನೆ ಸುಂಟಿಕೊಪ್ಪದಾಚೆ, ತೋಟದ ಲೈನ್ ಮನೆಗಳ ಹಿಂದೆ
ಒಂದು ಹಸು. ಕರು ಅಡ್ಡ ಸಿಕ್ಕಿತ್ತು.
ನನ್ನ ತೋಳು ದಪ್ಪ. ಜಸೀಲಾ ಚೂಡಿದಾರದ ತೋಳು ಮಡಚಿ
ಭುಜದವರೆಗೆ ಒಳಗಿಳಿದಳು. ಕಣ್ಣು ಮುಚ್ಚಿದಳು,
ಗೋಣಿಯೊಳಗೆ ಕೈಬಿಟ್ಟು ಕಲಿತ ಹಾಗೆಯೇ.
ತುಟಿ ಆಡುತ್ತಿತ್ತು: ಎಲುಬುಗಳ ಹೆಸರೋ, ದುವಾವೋ.
"ಅಂಚು ಸಿಕ್ತು" ಎಂದಳು. ಬಹಳ ಹೊತ್ತಿನ ಮೇಲೆ, "ಗೊರಸು."

ಕತ್ತಲಾಗುವ ಹೊತ್ತಿಗೆ
ಕರು ಒದ್ದೆ ಕಿವಿ ಕೊಡವಿ ಎಲ್ಲರ ಮೇಲೂ ಚಿಮುಕಿಸಿತು.
ಕೊಡದ ನೀರಲ್ಲಿ ತೋಳು ತೊಳೆಯುತ್ತ
ಯಾರಿಗೂ ಕೇಳಬಾರದೆನ್ನುವಂತೆ ಅವಳೆಂದಳು:
"ಸಾರ್, ಎಡಗಡೆನೂ ಸವರಿ ನೋಡ್ದೆ.
ನುಣ್ಣಗಿತ್ತು."